ಬಾಬಾಸಾಹೇಬರ ಕೋಟು ಮತ್ತು ನಮ್ಮ ಮಕ್ಕಳ ಅಳತೆ

ಆಗಸ್ಟ್ ಬಂತು, ಶಾಲೆಗಳಲ್ಲಿ ಛದ್ಮವೇಷ ಸ್ಪರ್ಧೆ. ಗಾಂಧಿ ವೇಷಕ್ಕೆ ತುಂಡು ಪಂಚೆ, ಕೋಲು, ಕನ್ನಡಕ ಇದ್ರೆ ಸಾಕು, ಮನೇಲೇ ಆಗುತ್ತೆ. ಬಾಬಾಸಾಹೇಬರ ವೇಷಕ್ಕೆ ಟೈಲರ್ ಬೇಕು. ಕಾಲರಿಗೆ ಕ್ಯಾನ್ವಾಸ್, ಒಳಗೆ ಲೈನಿಂಗ್, ಕಾಜಾ, ಗುಂಡಿ, ಟೈ. "ಐದು ವರ್ಷದ ಮಗುವಿಗೆ ಇಷ್ಟೆಲ್ಲಾ ಯಾಕೆ?" ಅನ್ನೋರು ಈ ಕೋಟಿನ ಚರಿತ್ರೆ ಸ್ವಲ್ಪ ಓದಿ.

ಚಂಡಾಲರು ಹೆಣದ ಬಟ್ಟೆ ಉಡಬೇಕು, ಕಬ್ಬಿಣದ ಒಡವೆ ತೊಡಬೇಕು ಅಂತ ಮನುಸ್ಮೃತಿಯ 10ನೇ ಅಧ್ಯಾಯ ಹೇಳುತ್ತೆ. "ಅದೆಲ್ಲಾ ಹಳೇ ಪುಸ್ತಕ, ಯಾರ್ ಪಾಲಿಸ್ತಿದ್ರು" ಅಂತೀರಾ? 1930ರ ಡಿಸೆಂಬರಿಗೆ ಬನ್ನಿ. ಮದ್ರಾಸ್ ಪ್ರಾಂತ್ಯದ ರಾಮನಾಥಪುರ ಸೀಮೆಯಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ನಿಷೇಧ ಹೇರಿದ್ರು. ಗಂಡಸರ ಬಟ್ಟೆ ಮೊಣಕಾಲಿನಿಂದ ಕೆಳಗೆ ಇಳೀಬಾರದು, ಸೊಂಟದಿಂದ ಮೇಲೆ ಏರಬಾರದು. ಕೋಟು, ಶರ್ಟು, ಬನಿಯನ್ ಹಾಕಬಾರದು. ಹೆಂಗಸರು ರವಿಕೆ ತೊಡಬಾರದು. ಚಿನ್ನ ಬೆಳ್ಳಿ ಬೇಡ, ಹೂ ಬೇಡ, ಕೊಡೆ ಬೇಡ, ಚಪ್ಪಲಿ ಬೇಡ. 1931ರ ಜನಗಣತಿ ನಡೆಸಿದ ಜೆ.ಎಚ್. ಹಟನ್ ತನ್ನ ಪುಸ್ತಕದಲ್ಲಿ ಇದನ್ನೆಲ್ಲ ದಾಖಲಿಸಿದ್ದಾನೆ. ಗಮನಿಸಿ, ಪಟ್ಟಿಯಲ್ಲಿ ಕೋಟು ಅಂತ ಹೆಸರು ಹಿಡಿದೇ ಹೇಳಿದ್ದಾರೆ.

ಅದೇ ಡಿಸೆಂಬರಿನಲ್ಲಿ ಬಾಬಾಸಾಹೇಬರು ಲಂಡನ್ನಿನಲ್ಲಿದ್ದರು. ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಅವರೂ ಮದ್ರಾಸಿನ ರೆಟ್ಟಮಲೈ ಶ್ರೀನಿವಾಸನ್ ಅವರೂ ಅಸ್ಪೃಶ್ಯರ ಪರವಾಗಿ ಕೂತಿದ್ದರು. ಊರಲ್ಲಿ ಬನಿಯನ್ನಿಗೂ ಅಪ್ಪಣೆ ಇಲ್ಲದ ಜನರ ಪ್ರತಿನಿಧಿ ಅಲ್ಲಿ ಸೂಟಿನಲ್ಲಿ ಕೂತು ಹಕ್ಕು ಕೇಳ್ತಿದ್ದರು. ಇದನ್ನ "ಇಂಗ್ಲಿಷರ ಅನುಕರಣೆ" ಅಂತ ಗೇಲಿ ಮಾಡೋರು ಇವತ್ತಿಗೂ ಇದ್ದಾರೆ. ಅದೇ ರಾಮನಾಥಪುರದ ಪಕ್ಕದ ಮಧುರೈನಲ್ಲಿ 1921ರಲ್ಲಿ ಗಾಂಧೀಜಿ ಅಂಗಿ ಬಿಟ್ಟು ತುಂಡು ಪಂಚೆಗೆ ಬಂದ್ರು, ದೇಶ ಕೈ ಮುಗೀತು. ನಮ್ಮ ಜನಕ್ಕೆ ಬಿಡೋಕೆ ಅಂಗಿ ಎಲ್ಲಿತ್ತು?

ಒಳ್ಳೇ ಬಟ್ಟೆ ಹಾಕಿದ ಕೂಡಲೇ ಜಾತಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ 1901ರ ಒಂದು ಪ್ರಯಾಣ ಬರೆದಿದ್ದಾರೆ. ತಂದೆ ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದರು, ರಜೆಗೆ ಬನ್ನಿ ಅಂತ ಕರೆದಿದ್ದರು. ಮಕ್ಕಳ ಸಂಭ್ರಮ ನೋಡಬೇಕು! ವಿಲಾಯಿತಿ ಮಾದರಿ ಹೊಸ ಅಂಗಿ, ಥಳಥಳ ಟೋಪಿ, ರೇಷ್ಮೆ ಅಂಚಿನ ಪಂಚೆ, ಹೊಸ ಬೂಟು, ಎಲ್ಲ ಈ ಪ್ರಯಾಣಕ್ಕೇ ಅಂತ. ಮಸೂರು ಸ್ಟೇಷನ್ನಿನಲ್ಲಿ ಇಳಿದ್ರೆ ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ಲ. ಬಟ್ಟೆ ನೋಡಿ ಸ್ಟೇಷನ್ ಮಾಸ್ತರು ಬ್ರಾಹ್ಮಣರ ಮಕ್ಕಳು ಅಂದುಕೊಂಡ, ಮಾತಾಡಿಸಿದ. "ಮಹಾರರು" ಅಂದ ತಕ್ಷಣ ಮುಖವೇ ಬದಲಾಯ್ತು. ಬಾಡಿಗೆ ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ; ಗಾಡಿ ಹೊಡೆದದ್ದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬಂದ. ದಾರಿಯಲ್ಲಿ ಕುಡಿಯೋಕೆ ನೀರೂ ಸಿಗಲಿಲ್ಲ.

ಅಷ್ಟಾದ್ಮೇಲೂ ಅವರು ಬಟ್ಟೆಯ ಹಟ ಬಿಡಲಿಲ್ಲ ನೋಡಿ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ಆ ಸಮ್ಮೇಳನದಲ್ಲೇ ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಮಾತಾಡಿದರು. ಸೀರೆಯನ್ನು ಮೇಲ್ಜಾತಿಯ ಹೆಂಗಸರು ಉಡೋ ಹಾಗೇ ಉಡಿ, ಜಾತಿ ಗುರುತು ಹೇಳೋ ಒಡವೆ ತೆಗೆದು ಹಾಕಿ ಅಂದ್ರು.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. ಒಂದು ಶಾಲೆಯಲ್ಲಿ ನಮ್ಮ ಕೇರಿಯ ಹುಡುಗಿಗೆ "ಪೊರಕೆ ತಗೊಂಡು ಸ್ವಚ್ಛತೆ ಮಾಡೋಳ ವೇಷದಲ್ಲಿ ಬಾ" ಅಂದಿದ್ದಾರೆ. ಅದೇ ಕ್ಲಾಸಿನ ಬೇರೆ ಮಕ್ಕಳಿಗೆ ಡಾಕ್ಟರು, ಪೈಲಟ್ಟು. ಅವಳ ತಾಯಿ ಫೋನ್ ಮಾಡಿ, "ಅಣ್ಣಾ, ಹೆಣ್ಣುಮಗೂಗೆ ಬಾಬಾಸಾಹೇಬರ ಕೋಟು ಹೊಲಿಸಬಹುದಾ?" ಅಂತ ಕೇಳಿದ್ರು.

ಹೊಲಿಸಿ ತಾಯಿ. ಮಿರಮಿರ ಸ್ಯಾಟಿನ್ ಬೇಡ, ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತೆ. ಮಂದ ಹತ್ತಿ ಬಟ್ಟೆ ತಗೊಳ್ಳಿ. ಎದೆ ಜೇಬು ಸುಮ್ಮನೆ ಪಟ್ಟಿ ಹೊಡೆದು ಬಿಡೋದಲ್ಲ, ಪೆನ್ನು ನಿಲ್ಲೋ ಹಾಗೆ ಇರಲಿ. ತೋಳಿನ ತುದಿ ಎರಡಿಂಚು ಒಳಗೆ ಮಡಚಿ ಹೊಲಿಯೋಕೆ ಹೇಳಿ; ಬಿಚ್ಚಿ ಉದ್ದ ಮಾಡಿದ್ರೆ ಮುಂದಿನ ಏಪ್ರಿಲ್ 14ರ ಮೆರವಣಿಗೆಗೂ ಆಗುತ್ತೆ. ಹೊಲಿಗೆ ದುಡ್ಡು ನಾವು ನಾಲ್ಕು ಜನ ಹಾಕ್ತೀವಿ.

ಜೈಭೀಮ್.