ಹಾಡು ಬೇಕು, ಹಾಡಿದವನು ಬೇಡ: ಸ್ಕಾ ಪಂಕ್ ಅಭಿಮಾನಿಗಳ ಚರಿತ್ರೆಯ ಬಗ್ಗೆ ಒಂದು ಟಿಪ್ಪಣಿ

ನಮ್ಮೂರ ಮಾರಿಹಬ್ಬದಲ್ಲಿ ಅಪ್ಪ ತಮಟೆ ಬಡಿಯುತ್ತಿದ್ದ. ಆ ಏಟಿಗೆ ಊರೊಳಗಿನ ಹುಡುಗರು ಮೈಮರೆತು ಕುಣಿಯುತ್ತಿದ್ದರು. ಕುಣಿದು ದಣಿದವರು ಜಗಲಿ ಮೇಲೆ ಉಣ್ಣಲು ಕೂತರೆ, ಬಡಿದು ದಣಿದವನು ಬೀದಿಯಲ್ಲಿ ಎಲೆ ಹಾಸಿಕೊಂಡು ಕೂರಬೇಕಿತ್ತು. ಈ ಸಂಚಿಕೆಯ ಓದುಗರಿಗೆ ಇದು ಹೊಸ ಸುದ್ದಿಯೇನಲ್ಲ. ನಾನಿಲ್ಲಿ ಬರೆಯಹೊರಟಿರುವುದು ಬೇರೆ ದೇಶಗಳ ಕಥೆ. ಆದರೆ ಅದು ನನಗೆ ಕಥೆಯಾಗಿ ಕಂಡದ್ದೇ ಆ ಜಗಲಿಯ ನೆನಪಿನಿಂದ. ಅಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೇದು.

ಎಂ.ಎ. ಓದುವಾಗ ಹಾಸ್ಟೆಲ್ಲಿನ ಗೆಳೆಯನ ಮೊಬೈಲಿನಲ್ಲಿ ‘ದ ಸ್ಪೆಷಲ್ಸ್’ ಎಂಬ ಇಂಗ್ಲೆಂಡಿನ ತಂಡದ ಹಾಡು ಕೇಳಿದೆ. ಕೂತಲ್ಲಿ ಕೂರಲು ಬಿಡದ ಲಯ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಹೋದರೆ, ಎಣಿಕೆಗಳ ನಡುವಿನ ಸಂದಿಯಲ್ಲಿ ಗಿಟಾರು ‘ಚಕ್’ ಅನ್ನುತ್ತದೆ. ಕಾಲು ನೆಲಕ್ಕೆ ಬೀಳುವ ಹೊತ್ತಿಗಲ್ಲ, ಮೇಲೇಳುವ ಹೊತ್ತಿಗೆ ಪೆಟ್ಟು. ಇದು ಸ್ಕಾ. ಇದಕ್ಕೆ ಪಂಕ್ ಸಂಗೀತದ ವೇಗ, ಒರಟುತನ ಸೇರಿದರೆ ಸ್ಕಾ ಪಂಕ್. ಈ ಹಾಡುಗಳ ಬೆನ್ನು ಹತ್ತಿ ಹೋದಾಗ ಒಂದು ಸಂಗತಿ ಎದುರಾಯಿತು. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಈ ಕಪ್ಪು ಸಂಗೀತದ ಮಹಾ ಅಭಿಮಾನಿಗಳು ಯಾರು ಅಂದರೆ, ತಲೆ ಬೋಳಿಸಿಕೊಂಡ ಬಿಳಿಯ ಕಾರ್ಮಿಕ ಮನೆಗಳ ಹುಡುಗರು, ‘ಸ್ಕಿನ್‌ಹೆಡ್’ಗಳು. ಜಮೈಕಾದ ಹಾಡಿಗೆ ಕುಣಿಯುತ್ತಿದ್ದ ಅದೇ ಹುಡುಗರಲ್ಲಿ ಕೆಲವರು ಬೀದಿಗಿಳಿದು ಭಾರತ, ಪಾಕಿಸ್ತಾನ, ಬಂಗಾಳದ ಕಡೆಯವರನ್ನೆಲ್ಲ ‘ಪಾಕಿ’ ಎಂಬ ಒಂದೇ ಬೈಗುಳದಲ್ಲಿ ಕರೆದು ಬಡಿಯುತ್ತಿದ್ದರು. ಕಿವಿಗೆ ಬೇಕಾದದ್ದು ಕಣ್ಣಿಗೆ ಬೇಡವಾಗುವುದು ಹೇಗೆ? ಈ ಪ್ರಶ್ನೆ ಹಿಡಿದು ಚರಿತ್ರೆಯನ್ನು ಹಿಂದಕ್ಕೆ ಓದಬೇಕು.

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬಡವರಿಗೆ ವಾದ್ಯಗೋಷ್ಠಿ ಕರೆಸುವ ಶಕ್ತಿ ಇರಲಿಲ್ಲ. ಲಾರಿಯಲ್ಲಿ ದೊಡ್ಡ ಧ್ವನಿಪೆಟ್ಟಿಗೆಗಳನ್ನು ತಂದು, ಅಂಗಳದಲ್ಲಿ ನಿಲ್ಲಿಸಿ, ಅಮೆರಿಕದ ಕಪ್ಪು ಜನರ ತಟ್ಟೆಗಳನ್ನು ನುಡಿಸುವ ‘ಸೌಂಡ್ ಸಿಸ್ಟಮ್’ಗಳೇ ಅವರ ಸಭಾಂಗಣ. ಕಾಕ್ಸನ್ ಡಾಡ್, ಡ್ಯೂಕ್ ರೀಡ್, ಪ್ರಿನ್ಸ್ ಬಸ್ಟರ್ ಇದರ ಒಡೆಯರು. 1950ರ ದಶಕದ ಕೊನೆಗೆ ಇವರು ತಾವೇ ಧ್ವನಿಮುದ್ರಣಕ್ಕೆ ಕೈಹಾಕಿದರು. 1962ರ ಆಗಸ್ಟ್ 6ಕ್ಕೆ ದೇಶ ಸ್ವತಂತ್ರವಾಗುವ ಹೊತ್ತಿಗೆ ಸ್ಕಾ ರೂಪುಗೊಂಡಿತ್ತು. ಬಾರಿಸಿದವರು ಯಾರು? ಹಲವರು ಆಲ್ಫಾ ಬಾಯ್ಸ್ ಸ್ಕೂಲ್ ಎಂಬ, ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಯ ಹುಡುಗರು. ಅನಾಥರು, ಬಡವರು, ಪುಂಡರು ಅನ್ನಿಸಿಕೊಂಡವರಿಗೆ ಅಲ್ಲಿ ಕೈಕಸುಬಿನ ಜೊತೆ ಬ್ಯಾಂಡ್ ವಾದ್ಯ ಕಲಿಸುತ್ತಿದ್ದರು. ಟ್ರೊಂಬೋನ್ ಊದುತ್ತಿದ್ದ ಡಾನ್ ಡ್ರಮಂಡ್ ಅಲ್ಲಿಯವನು. ಸ್ಟುಡಿಯೋಗಳಲ್ಲಿ ಈ ವಾದಕರಿಗೆ ಹಾಡಿಗಿಷ್ಟು ಅಂತ ಕೈಗೆ ಕೊಟ್ಟು ಕಳಿಸುವುದೇ ವಾಡಿಕೆ, ಆಮೇಲೆ ಹಾಡು ಎಷ್ಟೇ ಮಾರಾಟವಾಗಲಿ. ಇದನ್ನು ಅಪ್ಪನಿಗೆ ಹೇಳಿದಾಗ ಆತ ಕೇಳಿದ್ದು, “ಊಟನಾದ್ರೂ ಹಾಕ್ತಿದ್ರೇನ್ಲಾ?”

1964ರಲ್ಲಿ ನ್ಯೂಯಾರ್ಕಿನ ವಿಶ್ವಮೇಳಕ್ಕೆ ಜಮೈಕಾ ಸರ್ಕಾರ ಸ್ಕಾವನ್ನು ತನ್ನ ರಾಷ್ಟ್ರೀಯ ಸಂಗೀತವೆಂದು ಕಳಿಸಿತು. ಹಾಡುಗಾರರಲ್ಲಿ ಪ್ರಿನ್ಸ್ ಬಸ್ಟರ್, ಜಿಮ್ಮಿ ಕ್ಲಿಫ್ ಹೋದರು, ನಿಜ. ಆದರೆ ವಾದ್ಯಕ್ಕೆ ಹೋದದ್ದು ಮೇಲ್ವರ್ಗದ ಹೋಟೆಲುಗಳಲ್ಲಿ ಬಾರಿಸಿ ಹೆಸರಾಗಿದ್ದ ಬೈರನ್ ಲೀ ತಂಡ. ಸ್ಟುಡಿಯೋಗಳಲ್ಲಿ ಈ ಸಂಗೀತವನ್ನು ಕಟ್ಟಿದ, ಅದೇ ವರ್ಷ ಸ್ಕಾಟಲೈಟ್ಸ್ ಎಂದು ಹೆಸರಿಟ್ಟುಕೊಂಡ ವಾದಕರು ಊರಲ್ಲೇ ಉಳಿದರು. ಅವರಲ್ಲಿ ಹಲವರಿಗೆ ರಾಸ್ತಾಫಾರಿ ಪಂಥದ ನಂಟು. ಹಿಂದಿನ ವರ್ಷವಷ್ಟೇ, 1963ರ ಏಪ್ರಿಲ್‌ನಲ್ಲಿ, ಕೋರಲ್ ಗಾರ್ಡನ್ಸ್ ಗಲಭೆಯ ನೆಪದಲ್ಲಿ ಪೊಲೀಸರು ರಾಸ್ತಾಗಳನ್ನು ಹಿಡಿಹಿಡಿದು ಬಡಿದು ಜಟೆ ಕತ್ತರಿಸಿದ್ದರು. ಅಂಥವರನ್ನು ದೇಶದ ಮುಖವೆಂದು ತೋರಿಸುವುದಾದರೂ ಹೇಗೆ? ವಸಾಹತು ಹೋದರೂ ಜಗಲಿ ಹೋಗಿರಲಿಲ್ಲ.

ಡ್ರಮಂಡ್‌ನ ಬಗ್ಗೆ ಅಭಿಮಾನಿಗಳು ಭಕ್ತಿಯಿಂದ ಮಾತಾಡುತ್ತಾರೆ. ಆತ 1965ರ ಜನವರಿ 1ರಂದು ತನ್ನ ಸಂಗಾತಿ, ನರ್ತಕಿ ಮಾರ್ಗರಿಟಾಳನ್ನು ಇರಿದು ಕೊಂದ. 1969ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಸತ್ತ. ಆತನ ದುರಂತವನ್ನು ಹಾಡಿ ಹೊಗಳುವವರಿಗೆ ಆಕೆಯ ಸಾವು ಒಂದು ಅಡಿಟಿಪ್ಪಣಿ. ಶೋಷಿತನ ಕಲೆಯನ್ನು ಎತ್ತಿ ಹಿಡಿಯುವ ಭರದಲ್ಲಿ ಈ ತಪ್ಪನ್ನು ನಮ್ಮ ವಿಮರ್ಶೆಯೂ ಮಾಡಿದೆ, ಇರಲಿ.

1948ರಲ್ಲಿ ವಿಂಡ್‌ರಶ್ ಹಡಗು ಬಂದ ಮೇಲೆ ಕೆರಿಬಿಯನ್ ದುಡಿಮೆಗಾರರು ಇಂಗ್ಲೆಂಡಿನ ಕಾರ್ಖಾನೆ, ಬಸ್ಸು, ಆಸ್ಪತ್ರೆಗಳನ್ನು ತುಂಬಿದರು. ಅವರ ಹಿಂದೆ ಹಾಡೂ ಬಂತು. ನೆರೆಮನೆಯ ಬಿಳಿಯ ಹುಡುಗ ಅದನ್ನು ಕೇಳಿಸಿಕೊಂಡ, ಟೋಪಿ ಇಡುವುದನ್ನೂ ಕಲಿತ. 1968ರಲ್ಲಿ ಈನೋಕ್ ಪೊವೆಲ್ ಎಂಬ ರಾಜಕಾರಣಿ ವಲಸಿಗರ ವಿರುದ್ಧ ಬೆಂಕಿ ಉಗುಳಿದಾಗ ಲಂಡನ್ನಿನ ಬಂದರು ಕಾರ್ಮಿಕರೇ ಆತನ ಪರ ಮೆರವಣಿಗೆ ಹೊರಟರು. ವರ್ಗಪ್ರಜ್ಞೆ ತಾನಾಗಿಯೇ ಜನಾಂಗದ್ವೇಷವನ್ನು ಕರಗಿಸುತ್ತದೆ ಎಂದು ನಂಬಿದ ನಮ್ಮ ಎಡಪಂಥೀಯ ಗೆಳೆಯರು ಈ ಮೆರವಣಿಗೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

1976ರಲ್ಲಿ, ಕಪ್ಪು ಜನರ ಬ್ಲೂಸ್ ಬಾರಿಸಿಯೇ ದೊಡ್ಡವನಾದ ಎರಿಕ್ ಕ್ಲಾಪ್ಟನ್ ಬರ್ಮಿಂಗ್‌ಹ್ಯಾಮ್ ವೇದಿಕೆಯಿಂದ ಪೊವೆಲ್‌ಗೆ ಜೈ ಅಂದ. ಅದಕ್ಕೆ ಉತ್ತರವಾಗಿ ‘ರಾಕ್ ಎಗೇನ್ಸ್ಟ್ ರೇಸಿಸಂ’ ಚಳವಳಿ ಹುಟ್ಟಿತು. ಪಂಕ್ ತಂಡಗಳು, ರೆಗೆ ತಂಡಗಳು ಒಂದೇ ವೇದಿಕೆ ಹತ್ತಿದವು. 1979ರಲ್ಲಿ ಕೊವೆಂಟ್ರಿಯ ಜೆರ್ರಿ ಡ್ಯಾಮರ್ಸ್ ‘ಟೂ ಟೋನ್’ ಎಂಬ ಧ್ವನಿಮುದ್ರಣ ಸಂಸ್ಥೆ ಕಟ್ಟಿದ್ದು ಈ ಹವೆಯಲ್ಲಿ. ಕೊವೆಂಟ್ರಿ ಕಾರು ಕಾರ್ಖಾನೆಗಳ ಊರು, ಆಗ ಕೆಲಸ ಕಳಕೊಳ್ಳುತ್ತಿದ್ದ ಊರು. ಸ್ಪೆಷಲ್ಸ್ ತಂಡದ ಏಳು ಜನರಲ್ಲಿ ಲಿನ್ವಲ್ ಗೋಲ್ಡಿಂಗ್, ನೆವಿಲ್ ಸ್ಟೇಪಲ್ ಜಮೈಕಾದಲ್ಲಿ ಹುಟ್ಟಿದವರು. ಉಳಿದವರು ಬಿಳಿಯರು. ಸೆಲೆಕ್ಟರ್ ತಂಡದ ಮುಂದೆ ಪಾಲಿನ್ ಬ್ಲ್ಯಾಕ್ ಎಂಬ ಕಪ್ಪು ಹೆಣ್ಣುಮಗಳು ಗಂಡಸರ ಸೂಟು, ಟೋಪಿ ಹಾಕಿ ನಿಂತಳು. ಸಂಸ್ಥೆಯ ಗುರುತು ಕರಿಸೂಟಿನ ಒಬ್ಬ ಮನುಷ್ಯ, ಪೀಟರ್ ಟಾಶ್‌ನ ಹಳೆಯ ಫೋಟೋ ನೋಡಿ ಬರೆದದ್ದು. ಜೊತೆಗೆ ಕಪ್ಪು ಬಿಳುಪು ಚೌಕಳಿ. ಹಳೆಯ ಸ್ಕಾ ಹಾಡುಗಳನ್ನು ಪಂಕ್ ವೇಗಕ್ಕೆ ತಂದರು. ಡ್ರಮಂಡ್‌ನ ಶಾಲೆಯವನೇ ಆದ ರಿಕೋ ರೋಡ್ರಿಗಸ್‌ನನ್ನು ಕರೆದು ಟ್ರೊಂಬೋನ್ ಊದಿಸಿದರು. ಡ್ಯಾಂಡಿ ಲಿವಿಂಗ್‌ಸ್ಟನ್‌ನ ‘ರೂಡಿ’ ಹಾಡಿಗೆ 1967ರಲ್ಲಿ ಊದಿದವನೂ ರಿಕೋ, ಸ್ಪೆಷಲ್ಸ್ 1979ರಲ್ಲಿ ಅದನ್ನು ಮತ್ತೆ ಹಾಡಿದಾಗ ಊದಿದವನೂ ರಿಕೋ.

ಆದರೆ ಎದುರಿಗಿದ್ದ ಅಭಿಮಾನಿಗಳು? ಅವರಲ್ಲಿ ಹೊಸ ಸ್ಕಿನ್‌ಹೆಡ್‌ಗಳಿದ್ದರು, ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷದವರೂ ನುಗ್ಗುತ್ತಿದ್ದರು. ಕಪ್ಪು ಹಾಡುಗಾರನ ಮುಂದೆ ನಾಜಿ ಸೆಲ್ಯೂಟ್ ಹೊಡೆದು, ಮುಂದಿನ ಹಾಡಿಗೆ ಕುಣಿಯುವುದು! ತಂಡ ಎಷ್ಟೋ ಸಲ ಆಟ ನಿಲ್ಲಿಸಿ ಅಂಥವರನ್ನು ಹೊರಗೆ ಹಾಕಿಸಿತು. ಇತ್ತ ಕಾರ್ಯಕ್ರಮದ ಕೊನೆಗೆ ಕಪ್ಪು ಬಿಳಿ ಹುಡುಗರು ಒಟ್ಟಿಗೇ ವೇದಿಕೆಗೆ ಹತ್ತಿ ಹಾಡುಗಾರರ ನಡುವೆ ಕುಣಿಯುವ ರೂಢಿಯೂ ಇತ್ತು. ಮೇಲೆ ಕೆಳಗೆ ಎಂಬುದು ಸ್ವಲ್ಪ ಹೊತ್ತಾದರೂ ಇಲ್ಲವಾಗುತ್ತಿತ್ತು. ಇದನ್ನು ನಾನು ಸಣ್ಣದು ಅನ್ನುವುದಿಲ್ಲ.

1980ರಲ್ಲಿ ಗೋಲ್ಡಿಂಗ್ ಮೇಲೆ ಲಂಡನ್ನಿನಲ್ಲಿ ಜನಾಂಗದ್ವೇಷಿಗಳು ಬಿದ್ದರು. 1981ರ ಏಪ್ರಿಲ್‌ನಲ್ಲಿ ಕೊವೆಂಟ್ರಿಯ ನಡುಪೇಟೆಯಲ್ಲೇ ಪಂಜಾಬಿ ಮೂಲದ ಒಬ್ಬ ವಿದ್ಯಾರ್ಥಿಯನ್ನು ಸ್ಕಿನ್‌ಹೆಡ್‌ಗಳು ಕೊಂದರು. ಜೂನ್ 20ರಂದು ಸ್ಪೆಷಲ್ಸ್ ಅದೇ ಊರಿನಲ್ಲಿ ಸೌಹಾರ್ದದ ಗೋಷ್ಠಿ ನಡೆಸಿತು. ಅವತ್ತೇ ನ್ಯಾಷನಲ್ ಫ್ರಂಟ್ ಮೆರವಣಿಗೆ ಇದೆಯೆಂಬ ಭಯಕ್ಕೆ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಜುಲೈನಲ್ಲಿ ಇಂಗ್ಲೆಂಡಿನ ನಗರಗಳು ಹೊತ್ತಿ ಉರಿಯುವಾಗ ಅವರ ‘ಘೋಸ್ಟ್ ಟೌನ್’ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಅದೇ ಹೊತ್ತಿಗೆ ತಂಡ ಒಡೆಯಿತು. 1982ರಲ್ಲಿ ಕೊವೆಂಟ್ರಿಯಲ್ಲೇ ಗೋಲ್ಡಿಂಗ್‌ನ ಕುತ್ತಿಗೆಗೆ ಚಾಕು ಬಿತ್ತು, ಬದುಕಿಕೊಂಡ.

ನನ್ನ ತಕರಾರು ಒಂದಿದೆ. ಬೀದಿಯಲ್ಲಿ ಹೆಚ್ಚು ಪೆಟ್ಟು ತಿನ್ನುತ್ತಿದ್ದವರಲ್ಲಿ ಏಷ್ಯಾದವರೂ ಇದ್ದರು. ಆದರೆ ಸ್ಪೆಷಲ್ಸ್, ಸೆಲೆಕ್ಟರ್ ತಂಡಗಳ ಸಾಲಿನಲ್ಲಿ ಏಷ್ಯಾದ ಮುಖವಿಲ್ಲ. ಚೌಕಳಿಯಲ್ಲಿ ಎರಡೇ ಬಣ್ಣ. ಕೊಲೆಯಾದವನಿಗಾಗಿ ಹಾಡಿದರು, ಸರಿ. ಅವನಂಥವನ ಜೊತೆ ಹಾಡುವುದು ಬಾಕಿ ಉಳಿಯಿತು. ಹಂಗಂತ ಟೂ ಟೋನ್ ಸುಳ್ಳು ಅನ್ನುವುದೂ ತಪ್ಪು. 1984ರಲ್ಲಿ ಡ್ಯಾಮರ್ಸ್ ಬರೆದ ಮಂಡೇಲಾ ಬಿಡುಗಡೆಯ ಹಾಡು ಎಷ್ಟೋ ಬಿಳಿಯ ಹುಡುಗರಿಗೆ ಆ ಹೆಸರನ್ನೇ ಮೊದಲ ಸಲ ಕೇಳಿಸಿತು. 1987ರಲ್ಲಿ ನ್ಯೂಯಾರ್ಕಿನ ಸ್ಕಿನ್‌ಹೆಡ್‌ಗಳೇ ಜನಾಂಗದ್ವೇಷದ ವಿರುದ್ಧ ‘ಶಾರ್ಪ್’ ಎಂಬ ಕೂಟ ಕಟ್ಟಿ, ನಮ್ಮ ಬೋಳುತಲೆಯ ಮೂಲ ಜಮೈಕಾದಲ್ಲಿದೆ ಎಂದು ವಾದಿಸಿದರು. ಅಭಿಮಾನಿಗಳು ತಮ್ಮೊಳಗೇ ಜಗಳ ತೆಗೆದದ್ದು ಇಲ್ಲಿ.

ಅಮೆರಿಕದ ಅಧ್ಯಾಯವನ್ನು ಬೇಗ ಮುಗಿಸುತ್ತೇನೆ. ಬರ್ಕ್ಲಿಯ ಗಿಲ್ಮನ್ ಸ್ಟ್ರೀಟ್ ಎಂಬ, ಹುಡುಗರೇ ನಡೆಸುವ ಜಾಗದಲ್ಲಿ ಜನಾಂಗದ್ವೇಷಕ್ಕೆ, ಹೆಣ್ಣುದ್ವೇಷಕ್ಕೆ ಪ್ರವೇಶವಿಲ್ಲ ಎಂಬ ನಿಯಮವಿತ್ತು. ಅಲ್ಲಿ ಬೆಳೆದ ಆಪರೇಷನ್ ಐವಿ ತಂಡ 1987ರಿಂದ 1989ರವರೆಗಷ್ಟೇ ಬದುಕಿ ಸ್ಕಾ ಪಂಕ್‌ಗೆ ಅದರ ರೂಪ ಕೊಟ್ಟಿತು. 1995ರಿಂದ 1997ರ ನಡುವೆ ನೋ ಡೌಟ್, ಮೈಟಿ ಮೈಟಿ ಬಾಸ್ಟೋನ್ಸ್‌ನಂಥ ತಂಡಗಳು ದೊಡ್ಡ ಮಾರುಕಟ್ಟೆ ಹೊಕ್ಕವು. ಅವರಿಗೆಲ್ಲ ದಾರಿ ತೋರಿದ ಲಾಸ್ ಏಂಜಲೀಸಿನ ಕಪ್ಪು ಹುಡುಗರ ತಂಡ ಫಿಶ್‌ಬೋನ್‌ಗೆ ಅಂಥ ಮಾರಾಟ ದಕ್ಕಲಿಲ್ಲ. 1998ರಲ್ಲಿ ಕೊರಿಯನ್ ಮೂಲದ ಮೈಕ್ ಪಾರ್ಕ್ ‘ಸ್ಕಾ ಎಗೇನ್ಸ್ಟ್ ರೇಸಿಸಂ’ ಪ್ರವಾಸ ಹೊರಡಿಸಿದರು. ತನ್ನ ಸಂಸ್ಥೆಗೆ ‘ಏಷ್ಯನ್ ಮ್ಯಾನ್’ ಎಂದೇ ಹೆಸರಿಟ್ಟವರು. ಹುಡುಗರು ಬಂದರು, ಕುಣಿದರು, ಮಾತಿಗೆ ಹೆಚ್ಚು ಕಿವಿಗೊಡಲಿಲ್ಲ ಎಂದು ಅವರೇ ಆಮೇಲೆ ಬೇಸರದಿಂದ ಹೇಳಿಕೊಂಡರು.

ಅದೇ ಹೆಸರಿನಲ್ಲಿ 2020ರಲ್ಲಿ ಹೊಸ ಪೀಳಿಗೆಯ ತಂಡಗಳು ಹಾಡುಗಳ ಸಂಕಲನ ತಂದು ಹಣ ಕೂಡಿಸಿದವು. ಈ ಪೀಳಿಗೆಯ ಎದ್ದು ಕಾಣುವ ಹೆಸರು ಜೆರ್. 2022ರಲ್ಲಿ ಸ್ವಂತ ಹಾಡುಗಳ ಸಂಪುಟ ತಂದರು. ಕಪ್ಪು ಜನರ ಸಂಗೀತದಲ್ಲಿ ಕಪ್ಪು ಜನರೇ ಯಾಕೆ ಅತಿಥಿಗಳಂತೆ ಕಾಣುತ್ತೇವೆ ಎಂದು ಅಭಿಮಾನಿಗಳನ್ನು ನೇರವಾಗಿ ಕೇಳುವವರು. ಅವರು ಊದುವುದೂ ಟ್ರೊಂಬೋನನ್ನೇ.