ಪೂಜಾರಿ ಕೊಡದ ವರ

'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂದ ನಮ್ಮ ಹಿರಿಯರು ಗಣಕಯಂತ್ರವನ್ನು ಕಂಡವರಲ್ಲ. ಆದರೂ ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಕೂರಿಸಲು ಹೋದವರಿಗೆ ಈ ಗಾದೆ ನೆನಪಾಗದಿರದು. ಚಿತ್ರ ಮೂಡಿಸುವ ಶಕ್ತಿಯೆಲ್ಲ ಕಾರ್ಡಿನಲ್ಲಿಯೇ ಇದೆ. ಆದರೆ ಅದರ ಭಾಷೆ ಬಲ್ಲದ್ದು 'ಡ್ರೈವರ್' ಎಂಬ ತಂತ್ರಾಂಶ ಮಾತ್ರ. ಅದು ಒಲಿಯದಿದ್ದರೆ ನಮಗೆ ಸಿಗುವ ಪ್ರಸಾದ ಬರಿಯ ಕಪ್ಪು ಪರದೆ.

ಈ ಜಗಳ ಲಿನಕ್ಸಿಗಿಂತಲೂ ಹಳೆಯದು. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪೆನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಅದರ ತಂತ್ರಾಂಶವನ್ನು ತಿದ್ದಬೇಕೆಂದು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಮೂಲ ಬರಹ ಅವರಿಗೆ ಸಿಗಲಿಲ್ಲ. 1983ರಲ್ಲಿ ಅವರು ಸಾರಿದ ಗ್ನೂ ಯೋಜನೆಗೆ ಈ ಕಹಿಯೂ ಒಂದು ಕಾರಣ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರತಂದರು.

ಆ ದಶಕದಲ್ಲಿ ಮಾನಿಟರಿನ ಆವರ್ತನದ ಅಂಕಿಗಳನ್ನು ನಾವೇ ಕಡತದಲ್ಲಿ ಬರೆಯಬೇಕಿತ್ತು. ಅಂಕಿ ತಪ್ಪಿದರೆ ಮಾನಿಟರೇ ಸುಟ್ಟೀತೆಂಬ ಎಚ್ಚರಿಕೆಯೂ ಇತ್ತು. ಬಳಿಕ ಬಂದ ಎನ್‌ವಿಡಿಯಾ ಕಂಪೆನಿ ಲಿನಕ್ಸಿಗೂ ಡ್ರೈವರ್ ಕೊಟ್ಟಿತು, ಆದರೆ ಮೂಲ ಬರಹವನ್ನು ಮುಚ್ಚಿಟ್ಟುಕೊಂಡಿತು. ಲಿನಕ್ಸಿನ ತಿರುಳು, ಅಂದರೆ ಕರ್ನಲ್, ಹೊಸದಾದಾಗಲೆಲ್ಲ ಡ್ರೈವರನ್ನೂ ಅದಕ್ಕೆ ಮತ್ತೆ ಹೊಂದಿಸಬೇಕು. ಹೊಂದದೆಹೋದರೆ ತಿದ್ದಬಲ್ಲವರು ತಯಾರಕರು ಮಾತ್ರ.

ಹಟ ಹಿಡಿದ ಕೆಲವರು 2005ರಲ್ಲಿ 'ನೂವೋ' ಎಂಬ ಮುಕ್ತ ಡ್ರೈವರಿಗೆ ಕೈಹಾಕಿದರು. ಮುಚ್ಚಿದ ಡ್ರೈವರು ಕಾರ್ಡಿಗೆ ಏನು ಹೇಳುತ್ತದೆಂದು ಹೊರಗಿನಿಂದಲೇ ಗಮನಿಸುತ್ತ, ಒಂದೊಂದೇ ಮಾತು ಕಲಿತರು. 2010ರಲ್ಲಿ ಅದು ಕರ್ನಲ್ಲಿನೊಳಗೇ ಸೇರಿತು. ಈ ನಡುವೆ 2007ರಲ್ಲಿ ಎ.ಎಂ.ಡಿ. ಕಂಪೆನಿ ತನ್ನ ಕಾರ್ಡುಗಳ ವಿವರಗಳನ್ನು ಪ್ರಕಟಿಸತೊಡಗಿತ್ತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಟೋರ್ವಾಲ್ಡ್ಸ್, ಎನ್‌ವಿಡಿಯಾವನ್ನು ಹೆಸರಿಸಿ ಕ್ಯಾಮೆರಾದ ಮುಂದೆಯೇ ಬೈದರು. 2022ರ ಮೇ ತಿಂಗಳಲ್ಲಿ ಆ ಕಂಪೆನಿ, ಹೊಸ ತಲೆಮಾರಿನ ಕಾರ್ಡುಗಳಿಗಾಗಿ, ಡ್ರೈವರಿನಲ್ಲಿ ಕರ್ನಲ್ಲಿಗೆ ಸೇರುವ ಭಾಗವನ್ನು ಮಾತ್ರ ತೆರೆದಿಟ್ಟಿತು.

ಬೈಗುಳದಿಂದಲೋ ವ್ಯಾಪಾರದ ಲೆಕ್ಕದಿಂದಲೋ, ಬಾಗಿಲು ಅರ್ಧ ತೆರೆಯಿತೆಂದು ನನಗೆ ಸಂತೋಷ. ನನ್ನ ಕಂಪ್ಯೂಟರಿನಲ್ಲಿರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಕಾರ್ಡು. ತಯಾರಿಸಿದವರು ಅದರ ಕೈಬಿಟ್ಟು ವರ್ಷಗಳೇ ಆದವು. ನಾನೆಂದೂ ಕಾಣದ ಯಾರೋ ಬರೆದ ಮುಕ್ತ ಡ್ರೈವರಿನಿಂದ ಅದು ಇನ್ನೂ ನಡೆಯುತ್ತಿದೆ. ಆಟವಾಡುವ ವೇಗ ಅದಕ್ಕಿಲ್ಲ. ಓದುಬರಹಕ್ಕೆ ಸಾಕು. ಹಣ ಕೊಟ್ಟು ಕೊಂಡ ವಸ್ತು ಎಷ್ಟು ವರ್ಷ ಬಾಳಬೇಕೆಂಬುದನ್ನು ಮಾರಿದವರೊಬ್ಬರೇ ಹೇಳುವಂತಾಗಬಾರದು.