ಭೂಗತ ಇಂಧನ ಟ್ಯಾಂಕುಗಳಿಂದಾದ ಮಾಲಿನ್ಯದ ಶೋಧನೆ

ಪೆಟ್ರೋಲು, ಡೀಸೆಲುಗಳನ್ನು ತುಂಬಿ ನೆಲದಲ್ಲಿ ಹೂಳಿದ ಉಕ್ಕಿನ ಟ್ಯಾಂಕುಗಳು ಕಾಲಕ್ರಮದಲ್ಲಿ ತುಕ್ಕು ತಿಂದು ಸೋರಿ, ಸುತ್ತಣ ಮಣ್ಣನ್ನೂ ಅಂತರ್ಜಲವನ್ನೂ ಕೆಡಿಸುವುದುಂಟು. ಪಂಪು ಮುಚ್ಚಿ, ಟ್ಯಾಂಕನ್ನು ಕಿತ್ತು, ಆ ಜಾಗದಲ್ಲಿ ಅಂಗಡಿಯೋ ಮನೆಯೋ ಎದ್ದ ಮೇಲೂ ಉಳಿದಿರಬಹುದಾದ ಈ ಕೇಡನ್ನು ಪತ್ತೆಹಚ್ಚಿ ಅದರ ವ್ಯಾಪ್ತಿಯನ್ನು ನಿರ್ಣಯಿಸುವ ವಿದ್ಯೆಯು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡಿತು.

ಭಾರತದಲ್ಲಿ ಈ ವಿಷಯದ ಪೂರ್ವೇತಿಹಾಸವೆಲ್ಲವೂ ಬೆಂಕಿಯ ಭಯದ ಇತಿಹಾಸವೇ ಸರಿ. 1898ರಲ್ಲಿ ಆರಂಭವಾಗಿ ಮುಂದೆ ನಾಗಪುರದಲ್ಲಿ ನೆಲೆನಿಂತ ಸ್ಫೋಟಕಗಳ ಇಲಾಖೆಯಾಗಲಿ, 1934ರ ಪೆಟ್ರೋಲಿಯಂ ಕಾಯಿದೆಯಾಗಲಿ ಇಂಧನವನ್ನು ಎಣಿಸಿದ್ದು ಅದು ಎಷ್ಟು ಬೇಗ ಹೊತ್ತಿಕೊಳ್ಳುವುದೆಂಬುದರಿಂದ. ಇಂದಿಗೂ 23 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೇ ಹೊತ್ತುವ ಆವಿಯನ್ನು ಕೊಡುವ ಪೆಟ್ರೋಲು ‘ಎ’ ವರ್ಗಕ್ಕೂ ಡೀಸೆಲು ‘ಬಿ’ ವರ್ಗಕ್ಕೂ ಸೇರುವುವೇ ಹೊರತು, ಯಾವುದು ನೀರಿನಲ್ಲಿ ಎಷ್ಟು ಕರಗುವುದೆಂಬುದು ಆ ವಿಂಗಡಣೆಯಲ್ಲಿ ಬರುವುದಿಲ್ಲ. ಟ್ಯಾಂಕನ್ನು ನೆಲದೊಳಗೆ ಇಳಿಸಿದ್ದೇ ಬೆಂಕಿಯಿಂದ ರಕ್ಷಿಸಿಕೊಳ್ಳುವುದಕ್ಕಾಗಿ. ಕಣ್ಣಿಗೆ ಕಾಣದಂತಾದುದರಿಂದ ಅದರ ಸೋರಿಕೆಯೂ ಕಾಣದಾಯಿತು.

ನೀರಿನ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದ ದೇಶಗಳಲ್ಲಿ ಅಮೆರಿಕವೂ ಒಂದು. ಅಲ್ಲಿಯ ಕಾಂಗ್ರೆಸ್ಸು 1984ರಲ್ಲಿ ಭೂಗತ ಟ್ಯಾಂಕುಗಳನ್ನು ಶಾಸನದ ಅಂಕೆಗೆ ತಂದಿತು. 1988ರಲ್ಲಿ ನಿಯಮಗಳು ಹೊರಟು, ಹಳೆಯ ಟ್ಯಾಂಕುಗಳನ್ನು ಸುಧಾರಿಸಲು ಇಲ್ಲವೆ ತೆಗೆಯಲು 1998ರ ಡಿಸೆಂಬರ್ 22ರವರೆಗೆ ಅವಧಿ ದೊರೆಯಿತು. ಇದರ ನಡುವೆ 1996ರಲ್ಲಿ, ಪೆಟ್ರೋಲಿಗೆ ಬೆರೆಸುತ್ತಿದ್ದ ಎಂ.ಟಿ.ಬಿ.ಇ. ಎಂಬ ದ್ರವ್ಯವು ಸಾಂತಾ ಮೋನಿಕಾ ನಗರದ ಬಾವಿಗಳಲ್ಲಿ ಕಾಣಿಸಿಕೊಂಡು, ಆ ನಗರವು ತನ್ನ ನೀರಿನ ಸುಮಾರು ಅರ್ಧವನ್ನು ಕಳೆದುಕೊಂಡಿತು.

ಶೋಧನೆಯ ಕ್ರಮವು ಕಾಗದಪತ್ರದಿಂದ ಮೊದಲಾಗುವುದು. ಪರವಾನಗಿಯೊಡನೆ ಲಗತ್ತಾದ ನಕ್ಷೆಯಿಂದ ಟ್ಯಾಂಕಿದ್ದ ಸ್ಥಾನವೂ, ದಾಸ್ತಾನು ಪುಸ್ತಕದಿಂದ ಬಂದುದಕ್ಕೂ ಮಾರಿದುದಕ್ಕೂ ಇದ್ದ ಅಂತರವೂ ತಿಳಿಯುವುವು. ಪಂಪಿನ ಹುಡುಗನು ಬೆಳಗ್ಗೆ ಡಿಪ್ ರಾಡಿನ, ಎಂದರೆ ಆಳ ಅಳೆಯುವ ಕೋಲಿನ, ತುದಿಗೆ ಒಂದು ಬಗೆಯ ಪೇಸ್ಟನ್ನು ಸವರಿ ಟ್ಯಾಂಕಿನಲ್ಲಿ ಇಳಿಬಿಡುವನು. ತಳದಲ್ಲಿ ನೀರಿದ್ದರೆ ಪೇಸ್ಟಿನ ಬಣ್ಣವು ಅಷ್ಟೆತ್ತರಕ್ಕೆ ಬದಲಾಗುವುದು. ಕಲಬೆರಕೆಯ ದೂರಿಗೆ ಹೆದರಿ ಮಾಡುವ ಪರೀಕ್ಷೆಯಿದು. ಆದರೆ ಹೊರಗಿನ ನೀರು ಒಳಬರಲು ದಾರಿಯಿದ್ದಲ್ಲಿ ಒಳಗಿನ ಎಣ್ಣೆ ಹೊರಹೋಗಲೂ ದಾರಿಯುಂಟೆಂದು ಶೋಧಕನು ಅದೇ ಗುರುತಿನಿಂದ ಊಹಿಸುವನು. ಬಳಿಕ ನೆಲವನ್ನು ಕೊರೆದು ಮಣ್ಣಿನ ಆವಿಯನ್ನು ಅಳೆಯುವುದು, ವೀಕ್ಷಣಾ ಬಾವಿಗಳನ್ನು ತೋಡಿ ನೀರಿನ ಮೇಲೆ ತೇಲುವ ಪದರವನ್ನು ನೋಡುವುದು, ನೀರಿನಲ್ಲಿ ಕರಗಿದ ಅಂಶವನ್ನು ಪ್ರಯೋಗಾಲಯದಲ್ಲಿ ಅಳೆಯಿಸುವುದು. ಈ ಕೊನೆಯ ಕೆಲಸವು 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟಾಗ್ರಫಿಯಿಲ್ಲದೆ ಆಗತಕ್ಕುದಲ್ಲ. ಏಕೆಂದರೆ ಪೆಟ್ರೋಲಿನ ಒಂದಂಶವಾದ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ಇಟ್ಟ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಮಾತ್ರ. ನೂರಕ್ಕೆ ಒಂದು ಪಾಲು ಬೆಂಜೀನುಳ್ಳ ಒಂದೇ ಲೀಟರು ಪೆಟ್ರೋಲು, ಲೆಕ್ಕದಂತೆ, ಎಂಟು ಲಕ್ಷ ಲೀಟರಿಗೂ ಮೀರಿದ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲುದು.

ಈ ಕ್ರಮವು ಎಲ್ಲ ನೆಲಕ್ಕೂ ಸಮನಾಗಿ ಒಪ್ಪುವುದೇ ಎಂಬುದನ್ನು ಮಹಾರಾಷ್ಟ್ರದ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪ್ರಾಂತದಿಂದ ಚೆನ್ನಾಗಿ ಪರೀಕ್ಷಿಸಬಹುದು. ಪುಣೆ–ಬೆಂಗಳೂರು ಹೆದ್ದಾರಿಯೂ, ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾಗಳ ಮೂಲಕ ಘಟ್ಟವಿಳಿಯುವ ರಸ್ತೆಯೂ, ಆಜರಾ ತಾಲೂಕಿನ ಉತ್ತೂರದಂತಹ ಪೇಟೆಗಳೂ ಇರುವ ಈ ಸೀಮೆಯ ಬಹುಭಾಗದಲ್ಲಿ ಮೇಲೆ ಎರೆಮಣ್ಣು, ಅದರಡಿ ಮುರುಮು ಎಂಬ ಶಿಥಿಲಗೊಂಡ ಕಲ್ಲಿನ ಗರಸು, ಅದರಡಿ ಬಿರುಕುಬಿಟ್ಟ ಕರಿಕಲ್ಲು, ಅಲ್ಲಲ್ಲಿ ಎರಡು ಲಾವಾಪದರಗಳ ನಡುವೆ ಕೆಂಪುಮಣ್ಣಿನ ತೆಳುವಾದ ಹಾಸು. ಬೇಸಿಗೆಯಲ್ಲಿ ಬಾಯ್ದೆರೆದ ಎರೆಯ ಸೀಳಿನಲ್ಲಿ ಇಳಿದ ಎಣ್ಣೆ ಮುರುಮನ್ನು ಹಾಯ್ದು ಬಂಡೆಯ ಸಂದನ್ನು ಹಿಡಿಯಿತೆಂದರೆ, ಹತ್ತಿರದ ಬಾವಿಯನ್ನು ಬಿಟ್ಟು ದೂರದ ಬಾವಿಯಲ್ಲಿ ವಾಸನೆ ಹುಟ್ಟಿಸಬಹುದು. ಕಬ್ಬಿಗೆ ನೀರೆತ್ತುವ ಮೋಟರು ಅದನ್ನು ತನ್ನ ಕಡೆಗೆ ಸೆಳೆದುಕೊಳ್ಳಲೂಬಹುದು. ಮುಂಗಾರಿನಲ್ಲಿ ನೀರು ಏರಿದಂತೆ ತೇಲುವ ಎಣ್ಣೆಯೂ ಏರಿ, ಬೇಸಿಗೆಯಲ್ಲಿ ಇಳಿದು, ಹೋದ ಬಂದ ಎತ್ತರದುದ್ದಕ್ಕೂ ಮುರುಮಿಗೆ ಮೆತ್ತಿಕೊಳ್ಳುವುದು. ಬೆಂಜೀನಿನ ಹರಹು ಸಾಮಾನ್ಯವಾಗಿ 250 ಅಡಿಯನ್ನು ಮೀರದೆಂದು 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಕ್ಯಾಲಿಫೋರ್ನಿಯದ ಸ್ಥಳಗಳಿಂದ ತೆಗೆದ ತೀರ್ಮಾನವನ್ನು ಇಂತಹ ಒಡೆದ ಬಂಡೆಯ ನೆಲಕ್ಕೆ ಹಾಗೆಯೇ ತಂದು ಕೂರಿಸುವುದು ಅವಿವೇಕವಾದೀತು.

ಮಹಾರಾಷ್ಟ್ರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯು 1970ರಲ್ಲೇ, ಕೇಂದ್ರದ 1974ರ ಜಲ ಕಾಯಿದೆಗೂ ಮೊದಲು, ಹುಟ್ಟಿತು. ಭೂಜಲ ಸರ್ವೇಕ್ಷಣ ಸಂಸ್ಥೆ 1972ರಲ್ಲಿ ಬಂದು, ವೀಕ್ಷಣಾ ಬಾವಿಗಳ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುವ ಪದ್ಧತಿಯನ್ನು ರೂಢಿಗೆ ತಂದಿತು. ಆದರೆ ಕೊಲ್ಹಾಪುರ ಜಿಲ್ಲೆಯ ಗಮನವೆಲ್ಲವೂ ಪಂಚಗಂಗಾ ನದಿಯ ಮೇಲೆ, ಅದನ್ನು ಸೇರುವ ಸಕ್ಕರೆ ಕಾರ್ಖಾನೆಗಳ ಹಾಗೂ ಬಟ್ಟೆಗೆ ಬಣ್ಣ ಹಾಕುವವರ ಕೊಳೆನೀರಿನ ಮೇಲೆ ನೆಟ್ಟಿತು. 2012ರಲ್ಲಿ ಇಚಲಕರಂಜಿಯಲ್ಲಿ ಕೆಟ್ಟ ನೀರಿನಿಂದ ಹಬ್ಬಿದ ಕಾಮಾಲೆಯ ಬಳಿಕ ಹೀಗಾದುದು ಸಹಜವೇ. ಎಣ್ಣೆ ಸೋರಿದ ನೀರಿನ ಮಾತು ದೇಶದಲ್ಲಿ ದೊಡ್ಡದಾಗಿ ಕೇಳಿಬಂದುದು 2013ರಲ್ಲಿ, ಚೆನ್ನೈನ ತೊಂಡಿಯಾರಪೇಟೆಯ ಬೋರ್‌ವೆಲ್ಲುಗಳಲ್ಲಿ ಇಂಧನ ಕಾಣಿಸಿಕೊಂಡಾಗ. ಅದು ಟ್ಯಾಂಕಿನದಲ್ಲ, ಕೊಳವೆಮಾರ್ಗದ ಸೋರಿಕೆ. ವಿಷಯವು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊಸ ಪಂಪುಗಳಿಗೆ ಮಾರ್ಗಸೂಚಿಯನ್ನು ಕೊಟ್ಟು, ಶಾಲೆ, ಆಸ್ಪತ್ರೆ, ವಸತಿಗಳಿಂದ ಸಾಮಾನ್ಯವಾಗಿ 50 ಮೀಟರ್ ದೂರವನ್ನು ವಿಧಿಸಿತು. ಮುಚ್ಚಿಹೋದ ಹಳೆಯ ಪಂಪುಗಳಿಗೆ ಇದರಿಂದ ಬಂದ ಪ್ರಯೋಜನ ಸ್ವಲ್ಪವೇ.

2025ರ ಜುಲೈನಲ್ಲಿ ಜಾರಿಗೆ ಬಂದ ಕಲುಷಿತ ಸ್ಥಳಗಳ ನಿರ್ವಹಣೆಯ ನಿಯಮಗಳು ಶಂಕಿತ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತಕ್ಕೂ, 90 ದಿನಗಳೊಳಗಿನ ಪ್ರಾಥಮಿಕ ಪರೀಕ್ಷೆಯನ್ನು ರಾಜ್ಯ ಮಂಡಳಿಗೂ ವಹಿಸಿವೆ. ಆದರೆ ಕರಿಕಲ್ಲಿನ ಸೀಮೆಯಲ್ಲಿ ಮೇ ತಿಂಗಳ ಬಾವಿಗೂ ಅಕ್ಟೋಬರಿನ ಬಾವಿಗೂ ಹೋಲಿಕೆಯೇ ಇರದುದರಿಂದ, ಇಲ್ಲಿಯ ಪರೀಕ್ಷೆಯು ಆ 90 ದಿನಗಳಲ್ಲಿ ಮುಗಿಯದೆ, ಒಂದು ಮುಂಗಾರಿನಿಂದ ಮುಂದಿನ ಮುಂಗಾರಿನವರೆಗಿನ ಪೂರ್ಣ ಜಲವರ್ಷವನ್ನು ಬೇಡುವುದು.